ಪಕ್ಕದ ಕೊಡೆಯವಳು

ಆಗಸ್ಟಿನಲ್ಲಿ ಎಲ್ಲಿಗೆ ಹೋಗೋಣ ಎಂಬ ಮಾತು ನಮ್ಮ ಮನೆಯಲ್ಲಿ ಎಂದೂ ಎದ್ದದ್ದಿಲ್ಲ. ತೂರಿನ್‌ನ ಅಂಗಡಿಗಳೆಲ್ಲ ಬೇಸಿಗೆ ರಜೆಗೆ ಬಾಗಿಲೆಳೆದುಕೊಂಡ ಮರುದಿನವೇ ನಾವು ಲಿಗೂರಿಯಾ ಕರಾವಳಿಯ ರೈಲು ಹತ್ತುತ್ತಿದ್ದೆವು. ಇಳಿದವರೇ ನೇರ ಕೊಡೆಗಳನ್ನು ಬಾಡಿಗೆಗೆ ಕೊಡುವ ಅಮೆರಿಗೊನ ಬೀಚಿಗೆ, ಎರಡನೇ ಸಾಲಿನ ನಮ್ಮ ಕೊಡೆಯ ಕೆಳಗೆ. ಮದುವೆಯಾದ ವರ್ಷ ನನಗೂ ನನ್ನ ಗಂಡ ದುಯಿಲಿಯೊಗೂ ಅಲ್ಲಿ ಸಿಕ್ಕಿದ್ದು ಕಟ್ಟಕಡೆಯ ಸಾಲು, ಕಕ್ಕಸಿನ ಪಕ್ಕ. ಮುಂದಿನವರು ಯಾರಾದರೂ ಸತ್ತರೆ, ಇಲ್ಲವೇ ಸೊಸೆಯ ಜೊತೆ ಜಗಳವಾಡಿ ಬರುವುದು ಬಿಟ್ಟರೆ, ಹಿಂದಿನವರು ಒಂದು ಸಾಲು ಮುಂದಕ್ಕೆ. ಹಾಗೆ ಸರಿದು ಸರಿದು, ತಲೆ ಬೆಳ್ಳಗಾಗುವ ಹೊತ್ತಿಗೆ ಸಮುದ್ರ ಕಾಣುವಷ್ಟು ಹತ್ತಿರ ಬಂದಿದ್ದೆವು. ಒಂದೇ ಒಂದು ವರ್ಷ ತಪ್ಪಿಸಿದರೂ ಮುಗಿಯಿತು, ಮತ್ತೆ ಕಕ್ಕಸಿನ ಪಕ್ಕ.

ಇದನ್ನು ಕೇಳಿದವರು ನಗುತ್ತಾರೆ. ನಗಲಿ, ನನಗೇನು. ಸಾಲು ಮುಖ್ಯವೇ, ಆದರೆ ಅದಕ್ಕಿಂತ ಮುಖ್ಯ ಪಕ್ಕದ ಕೊಡೆ ಯಾರದು ಎಂಬುದು. ಮನೆಯಲ್ಲಾದರೆ ನೆರೆಯವರ ಮುಖಕ್ಕೆ ಬಾಗಿಲು ಹಾಕಿಕೊಳ್ಳಬಹುದು. ಬೀಚಿನಲ್ಲಿ ಆ ಸುಖವಿಲ್ಲ. ಇಡೀ ತಿಂಗಳು ಅವರ ಹೊಟ್ಟೆ, ಅವರ ಜಗಳ, ಅವರು ಮೈಗೆ ಬಳಿದುಕೊಳ್ಳುವ ಎಣ್ಣೆಯ ವಾಸನೆ, ಎಲ್ಲ ನಮ್ಮ ಪಾಲಿಗೂ ಬರುತ್ತದೆ.

ನಮ್ಮ ಪಕ್ಕದ ಕೊಡೆ ಫೆದೊರಾಳದು. ಅಲೆಸ್ಸಾಂದ್ರಿಯಾದ ಒಂದು ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಪಿಸುಮಾತೆಂಬುದೇ ಅವಳಿಗೆ ಮರೆತುಹೋಗಿದೆ. ಮೊಟ್ಟಮೊದಲ ದಿನವೇ ನನ್ನ ಈಜುಡುಗೆ ನೋಡಿ, ಇದನ್ನು ಹೊಲಿದವಳ ಕೈ ಮುರಿಯಬೇಕು ಅಂದಳು. ಹೊಲಿದವಳು ನಾನೇ, ಎರ್ಸಿಲಿಯಾ. ನನ್ನದು ಬಟ್ಟೆ ಆಲ್ಟ್ರೇಷನ್ ಮಾಡುವ ಅಂಗಡಿ, ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಹಾಕುವುದು, ದಪ್ಪಗಾದವರ ಕೋಟು ಬಿಚ್ಚಿ ಹೊಲಿಯುವುದು. ನನ್ನ ಕೈಗೆ ಹಾಗಂದರೆ ಸುಮ್ಮನಿರುತ್ತೇನೆಯೇ? ಬಾಯಿಗೆ ಬಂದಂತೆ ಬೈದು ಮುಖ ತಿರುಗಿಸಿಕೊಂಡೆ. ಸಂಜೆ ಅವಳೇ ಹೂರಣ ತುಂಬಿ ಕರಿದ ಮೀನು ತಟ್ಟೆಯಲ್ಲಿಟ್ಟು ತಂದುಕೊಟ್ಟಳು. ಆಮೇಲೆ ನಾವು ಮಾತು ಬಿಟ್ಟದ್ದು ಹೋದ ಅಕ್ಟೋಬರಿನಲ್ಲಿ.

ಅವಳ ಮಗ ತುಲ್ಲಿಯೊ, ನನ್ನ ಮಗಳು ನೊಯೆಮಿ ಒಂದೇ ಮರಳಿನಲ್ಲಿ ಆಡಿ ಬೆಳೆದವರು. ಬೆಳೆದ ಮೇಲೆ ಬಟ್ಟೆ ಬದಲಾಯಿಸುವ ಗೂಡುಗಳ ಹಿಂದೆ ನಿಂತು ಮುದ್ದಾಡುತ್ತಿದ್ದರು. ನಮಗಿಬ್ಬರಿಗೂ ಗೊತ್ತಿತ್ತು, ಪೀಚು ಹಣ್ಣು ಹೆಚ್ಚುತ್ತಾ ಗೊತ್ತಿಲ್ಲದವರಂತೆ ಕೂತಿರುತ್ತಿದ್ದೆವು. ಮದುವೆಯಾಯಿತು, ನಾವು ಬೀಗಿತಿಯರಾದೆವು. ನೊಯೆಮಿ ಅವಳನ್ನು ಫೆದೊರಮ್ಮ ಎಂದೇ ಕರೆಯುತ್ತಿದ್ದಳು, ಮದುವೆಗೂ ಎಷ್ಟೋ ಮೊದಲಿನಿಂದ. ಫೆದೊರಾಳ ಗಂಡ ತೀರಿಕೊಂಡ ವರ್ಷ ಬೆಳಗಾಗೆದ್ದು ಅವಳ ಕೊಡೆ ಬಿಚ್ಚುತ್ತಿದ್ದವನು ದುಯಿಲಿಯೊ. ಯಾರೂ ಅವನಿಗೆ ಹೇಳಿರಲಿಲ್ಲ, ತಾನಾಗಿ ಮಾಡಿದ.

ಅಕ್ಟೋಬರಿನಲ್ಲಿ ತುಲ್ಲಿಯೊ ತನ್ನ ಆಫೀಸಿನ ಹುಡುಗಿಯೊಬ್ಬಳ ಜೊತೆ ಹೊರಟುಹೋದ. ಮರುದಿನವೇ ಫೆದೊರಾ ಫೋನ್ ಮಾಡಿ, ಅವನು ಹೇಳಲು ಬಂದಾಗ ಚಪ್ಪಲಿ ತೂರಿದೆ, ಕಿವಿಗೆ ಬಿತ್ತು, ಕಣ್ಣಿಗೆ ಬೀಳಬೇಕಿತ್ತು ಎಂದು ಗೋಳಾಡಿದಳು. ಆದರೆ ಅದೇ ಸಂಜೆ ನೊಯೆಮಿ ಎರಡು ಸೂಟ್‌ಕೇಸ್ ಹಿಡಿದು ನಮ್ಮ ಅಡುಗೆಮನೆಗೆ ಬಂದು ಕೂತಳು. ಕೋಟೂ ಬಿಚ್ಚಲಿಲ್ಲ.

"ಆ ಮನೆಯವರ ಹೆಸರು ಇನ್ನು ಈ ಮನೇಲಿ ಕೇಳಬಾರದು ಅಮ್ಮ. ಅವರ ಜೊತೆ ಮಾತಾಡೋದಿದ್ರೆ ಈಗಲೇ ಹೇಳ್ಬಿಡು, ನಾನು ಬೇರೆ ರೂಮು ನೋಡ್ಕೋತೀನಿ."

ಹೆತ್ತವಳು ಇದಕ್ಕೆ ಏನನ್ನುತ್ತಾಳೆ? ಆಯ್ತು ಅಂದೆ. ಕ್ರಿಸ್ಮಸ್ ದಿನ ಊಟಕ್ಕೆ ಕೂತಾಗ ಫೆದೊರಾಳ ಫೋನ್ ಬಂತು. ನೊಯೆಮಿ ಎದುರಿಗೇ ಕೂತು ತಟ್ಟೆ ನೋಡುತ್ತಿದ್ದಳು. ಬಡಿದುಕೊಂಡು ಬಡಿದುಕೊಂಡು ಅದು ನಿಂತಿತು. ಆಮೇಲೆ ಮತ್ತೆ ಬರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ನೊಯೆಮಿ ತಾನಾಗಿ ಆಗಸ್ಟಿನ ಮಾತು ತೆಗೆದಳು. ಅಮೆರಿಗೊನ ಬೀಚಿಗೆ ತಾನಂತೂ ಕಾಲಿಡುವುದಿಲ್ಲ, ನೀವು ಹೋದರೆ ಹೋಗಿ, ತಾನು ಇಲ್ಲೇ ಇರುತ್ತೇನೆ ಅಂದಳು. ಎಲ್ಲರೂ ಒಟ್ಟಿಗೆ ಹೋಗುವುದಾದರೆ ನಮ್ಮ ಗುರುತಿನವರು ಒಬ್ಬರೂ ಇಲ್ಲದ ಕಡಲು ಹುಡುಕಬೇಕು. ಮೊದಲನೇ ಸಾಲಿನಲ್ಲಿ ಒಂದು ಜಾಗ ತೆರವಾಗುತ್ತದೆ, ಅದು ನಿಮಗೇ ಎಂದು ಅಮೆರಿಗೊ ಹೋದ ವರ್ಷ ದುಯಿಲಿಯೊನ ಕಿವಿಯಲ್ಲಿ ಹೇಳಿದ್ದ. ಕೆಲಸದಲ್ಲಿದ್ದಷ್ಟು ದಿನ ಟ್ರಾಮ್ ಓಡಿಸಿ ಪೆನ್ಷನ್ ಪಡೆದ ಮನುಷ್ಯ, ಆ ಜಾಗಕ್ಕಾಗಿ ಅವನಿಗಿದ್ದಷ್ಟು ಆಸೆ ಅವನಿಗೆ ಇನ್ಯಾವುದಕ್ಕೂ ಇರಲಿಲ್ಲ. ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ಎದ್ದುಹೋದ.

ಹೀಗೆ ಹುಡುಕುವ ಕೆಲಸ ನನ್ನ ತಲೆಗೆ ಬಂತು. ರಜೆಯ ಏರ್ಪಾಟು ಮಾಡುವುದೇ ಅರ್ಧ ರಜೆ ಅನ್ನುವವರನ್ನು ತಂದು ನನ್ನ ಅಂಗಡಿಯಲ್ಲಿ ಒಂದು ವಾರ ಕೂರಿಸಬೇಕು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಭೂಪಟ ಹರಡಿದ್ದೇ ತಡ, ಜಿಪ್ಪು ಹಾಕಿಸಲು ಬಂದವರೆಲ್ಲ ಬೆರಳಿಟ್ಟು ಒಂದೊಂದು ಊರು ತೋರಿಸುವವರೇ. ಒಬ್ಬಳು ಪೂಲ್ಯಾ ಅಂದಳು, ಇನ್ನೊಬ್ಬಳು ಸಾರ್ದೆನ್ಯಾದಲ್ಲಿ ಮನೆ ಕೊಡಿಸುತ್ತೇನೆಂದು ಗಂಟುಬಿದ್ದಳು. ಅವನ್ನು ಮನೆಗೆ ತಂದು ಹೇಳಿದರೆ ನೊಯೆಮಿ ಕಡ್ಡಿ ಮುರಿದಂತೆ ಬೇಡ ಅನ್ನುತ್ತಿದ್ದಳು. ಅಲ್ಲಿಗೆ ನಾಲ್ಕನೇ ಸಾಲಿನ ದಂತವೈದ್ಯರು ಹೋಗುತ್ತಾರಂತೆ, ಇಲ್ಲಿ ತುಲ್ಲಿಯೊನ ಸ್ನೇಹಿತರಿದ್ದಾರಂತೆ. ಬರಬರುತ್ತಾ ಭೂಪಟದಲ್ಲಿ ಬೂಟಿನಂತೆ ಕಾಣುವ ಇಟಲಿಯ ಕಣಕಾಲು ಇಳಿದು, ಹಿಮ್ಮಡಿ ದಾಟಿ, ಬೆರಳಿನ ಹತ್ತಿರ ಅಂಗಾಲಿಗೇ ಬಂದು ನಿಂತೆವು. ಕಲಾಬ್ರಿಯಾದ ಮಲ್ಲಿಗೆ ಕರಾವಳಿ. ಬೇಸಿಗೆಯಲ್ಲಿ ಬರೀ ಕಲ್ಲಾಗುವ ಹೊಳೆಗಳು, ಗಾರೆ ಕಾಣದೆ ಅರ್ಧಕ್ಕೆ ನಿಂತ ಮನೆಗಳು, ಮನೆಗೂ ಸಮುದ್ರಕ್ಕೂ ನಡುವೆ ಒಂದೇ ಒಂದು ರೈಲು ಹಳಿ. ತೂರಿನ್‌ನಿಂದ ಯಾರೂ ಹೋಗದ ಕಡೆ. ನೊಯೆಮಿಯ ಮುಖದಲ್ಲಿ ಆವತ್ತು ಮೊದಲ ಸಲ ಸ್ವಲ್ಪ ಗೆಲುವು ಕಂಡಿತು.

ಅಲ್ಲಿ ಮನೆಯ ಕೆಳ ಅಂತಸ್ತು ಬಾಡಿಗೆಗೆ ಕೊಡುವವಳು ತೆಕ್ಲಾ ಎಂಬ ಹೆಂಗಸು. ಫೋನಿನಲ್ಲಿ ಹೆಸರು ಹೇಳುವ ಮೊದಲೇ ಊಟ ಆಯ್ತೇ ಎಂದು ಕೇಳಿದಳು. ಹಾಸಿಗೆ, ಪಾತ್ರೆ, ಫ್ರಿಡ್ಜು ಎಲ್ಲ ಇದೆ, ಟೊಮೆಟೊ ಹಿತ್ತಲಲ್ಲೇ ಇದೆ, ಬೇಕಾದಷ್ಟು ಕಿತ್ತುಕೊಳ್ಳಿ ಅಂದಳು. ನಾನು ಮುಖ್ಯವಾದದ್ದನ್ನು ಕೇಳಿದೆ, ನಮಗೆ ಯಾವ ಸಾಲು ಸಿಗುತ್ತದೆ ಎಂದು.

"ಯಾವ ಸಾಲು ತಾಯಿ?"

"ಕೊಡೆಗಳ ಸಾಲು. ಬೀಚಲ್ಲಿ."

"ಕೊಡೆ ನೀವೇ ತರಬೇಕು. ತಂದು ಎಲ್ಲಿ ಬೇಕಾದ್ರೂ ನೆಡಿ."

"ಎಲ್ಲಿ ಬೇಕಾದ್ರೂ ಅಂದ್ರೆ? ಪಕ್ಕದಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ. ಎಡಕ್ಕೆ ನಮ್ಮ ಮೈದುನನ ದೋಣಿ ಇದೆ, ಅದೂ ತೂತು ಬಿದ್ದಿದೆ. ಬಲಕ್ಕೆ ಊರು ಮುಗೀತು."

ಫೋನ್ ಇಟ್ಟು ಮತ್ತೆ ಭೂಪಟದ ಮುಂದೆ ಕೂತೆ. ಎಲ್ಲಿ ಬೇಕಾದರೂ ಅಂದರೆ ಏನರ್ಥ? ಬೆಳಿಗ್ಗೆ ಎದ್ದು ಕೊಡೆ ಹೊತ್ತುಕೊಂಡು ಹೋಗಿ, ಇಷ್ಟುದ್ದದ ಖಾಲಿ ಮರಳಿನಲ್ಲಿ ಎಲ್ಲಿ ನೆಡುವುದು? ಇಲ್ಲೇ ಏಕೆ, ಅಲ್ಲೇ ಏಕಲ್ಲ? ನಿನ್ನೆ ಕೂತಲ್ಲೇ ಇವತ್ತೂ ಕೂರಬೇಕೇ? ಕುಳಿತ ಮೇಲೆ ಯಾರ ಕಡೆ ತಿರುಗಿ ಮಾತಾಡುವುದು? ದುಯಿಲಿಯೊನ ಕಡೆ ತಿರುಗಿದರೆ ಅವನು ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುತ್ತಾನೆ. ತೂತು ಬಿದ್ದ ದೋಣಿಗೆ ನಾನು ಏನು ಹೇಳಲಿ?

ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ದಿನಕ್ಕೊಂದು ನೆಪ ಹಿಡಿದು ತೆಕ್ಲಾಳಿಗೆ ಫೋನ್ ಮಾಡಿದೆ. ಸಮುದ್ರ ಆಳವೇ, ಗಾಳಿ ಜಾಸ್ತಿಯೇ, ರೈಲಿನ ಸದ್ದಿಗೆ ನಿದ್ದೆ ಬರುತ್ತದೆಯೇ, ಔಷಧಿ ಅಂಗಡಿ ಎಷ್ಟು ದೂರ. ಅವಳು ಎಲ್ಲಕ್ಕೂ ನಗುತ್ತಾ ಉತ್ತರ ಕೊಟ್ಟಳು, ಅದು ನನಗೆ ಇನ್ನಷ್ಟು ಸಿಟ್ಟು ಬರಿಸಿತು. ಯಾವುದಾದರೂ ಒಂದು ಕೊರತೆ ಸಿಕ್ಕಿದ್ದರೆ ಇದು ಬೇಡ ಎಂದುಬಿಡಬಹುದಿತ್ತು. ದುಯಿಲಿಯೊ ಮಾತ್ರ, ಹಳಿಯೇನೋ ಇದೆಯಲ್ಲ, ಹಳಿ ಇದ್ದ ಕಡೆ ನಾನು ಕಳೆದುಹೋಗುವುದಿಲ್ಲ ಅಂದು ರೈಲಿನ ವೇಳೆ ನೋಡಿಟ್ಟ. ತೂರಿನ್‌ನಲ್ಲಿ ಸಂಜೆ ಹತ್ತಿ ಮಲಗಿದರೆ ಬೆಳಿಗ್ಗೆ ಬೂಟಿನ ಬೆರಳಿನಲ್ಲಿ ಇಳಿಯಬಹುದಂತೆ. ಈ ಗಡಿಬಿಡಿಯಲ್ಲಿ ನಾನು ಬ್ಯಾಂಕಿನ ಮ್ಯಾನೇಜರರ ಪ್ಯಾಂಟನ್ನು ಒಂದು ಕಾಲು ಸರಿಯಾಗಿ, ಇನ್ನೊಂದು ಕಾಲು ಮೊಣಕಾಲಿನ ಹತ್ತಿರಕ್ಕೆ ಕತ್ತರಿಸಿಬಿಟ್ಟೆ. ನನ್ನ ಜನ್ಮದಲ್ಲಿ ಇಂಥ ಎಡವಟ್ಟು ಮಾಡಿದವಳಲ್ಲ.

ಆವತ್ತು ಪ್ಯಾಂಟಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಯಲ್ಲಿ ಒಬ್ಬಳೇ ನಿಂತಿದ್ದೆ. ಫೆದೊರಾ ಇದನ್ನು ಕೇಳಿದರೆ ಮರಳಿನ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದಳು ಎಂದುಕೊಂಡೆ. ಅಷ್ಟು ಅಂದುಕೊಂಡದ್ದೇ ಅಳು ಬಂತು. ನನಗೆ ಬೇಕಾಗಿದ್ದದ್ದು ಸಮುದ್ರವಲ್ಲ, ಫೆದೊರಾ. ಅವಳನ್ನು ಕರೆದರೆ ಮಗಳು ಮನೆ ಬಿಟ್ಟು ಹೋಗುತ್ತಾಳೆ, ಮಗಳನ್ನು ಉಳಿಸಿಕೊಂಡರೆ ಸಾಯುವ ತನಕ ಫೆದೊರಾ ಇಲ್ಲ. ಎರಡರಲ್ಲಿ ಯಾವುದನ್ನು ಬಿಟ್ಟರೂ ನನ್ನ ಅರ್ಧ ಜೀವ ಹೋದ ಹಾಗೆ.

ಅಮೆರಿಗೊನ ಬೀಚಿನಲ್ಲಿ ಒಂದು ಕಟ್ಟಳೆಯಿದೆ. ಗರಿಗಳ ಭಾನುವಾರದೊಳಗೆ, ಅಂದರೆ ಈಸ್ಟರಿಗೆ ಒಂದು ವಾರ ಮುಂಚೆ, ಬರುತ್ತೇವೋ ಇಲ್ಲವೋ ಹೇಳಬೇಕು. ಯಾರಾದರೂ ಬಿಟ್ಟರೆ ಆ ಜಾಗಕ್ಕೆ ಯಾರನ್ನು ಕೂರಿಸಬೇಕೆಂದು ಅವನು ಮೊದಲು ಪಕ್ಕದ ಕೊಡೆಯವರನ್ನೇ ಕೇಳುತ್ತಾನೆ. ಅವರು ತಮ್ಮವರನ್ನು ಯಾರನ್ನಾದರೂ ತರಬಹುದು, ಬೇಡವಾದವರನ್ನು ಬೇಡ ಅನ್ನಲೂಬಹುದು. ನಾನು ಬಿಟ್ಟೆ ಅಂದರೆ ಅವನು ಫೋನ್ ಮಾಡುವುದು ಫೆದೊರಾಳಿಗೆ. ಎರ್ಸಿಲಿಯಾ ನಿನ್ನ ಪಕ್ಕ ಬಿಟ್ಟುಹೋದಳು ಎಂಬ ಮಾತು ಅವನ ಬಾಯಿಂದ ಅವಳ ಕಿವಿಗೆ ಬೀಳಬೇಕಲ್ಲ ಎಂದು ಹೆದರಿ, ಅದೊಂದೇ ಕಾರಣಕ್ಕೆ ಮುಂದೂಡುತ್ತಾ ಬಂದಿದ್ದೆ. ಕೊನೆಗೆ ಗಡುವಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನೊಯೆಮಿ ಹೊರಗೆ ಹೋಗಿದ್ದಾಗ, ಅಮೆರಿಗೊಗೆ ಫೋನ್ ಮಾಡಿದೆ. ಈ ಸಲ ಬರುತ್ತಿಲ್ಲ, ಜಾಗ ಬಿಡುತ್ತಿದ್ದೇವೆ ಅಂದೆ.

"ನೀವೂನಾ?" ಅಂದ ಅವನು.

"ನೀವೂ ಅಂದ್ರೆ ಏನ್ರೀ ಅರ್ಥ?"

ಹೇಳಬಾರದು ಅಂತ ಮಾತು ತೆಗೆದುಕೊಂಡಿದ್ದಾರೆ ಎಂದು ಗೊಣಗಿ, ಹೇಳಿಯೇಬಿಟ್ಟ. ಜನವರಿಯಲ್ಲೇ ಫೆದೊರಾ ತನ್ನ ಕೊಡೆ ಬಿಟ್ಟಿದ್ದಳು. ಅವರಿಗೆ ಮೊದಲನೇ ಸಾಲು ಸಿಗುವ ಕಾಲ ಬಂದಿದೆ, ಮಗಳನ್ನು ಕರೆದುಕೊಂಡು ನೆಮ್ಮದಿಯಾಗಿ ಬರಲಿ, ನನ್ನ ಮುಖ ನೋಡುವ ಹಿಂಸೆ ಆ ಹುಡುಗಿಗೆ ಬೇಡ, ನಾನು ಒಂಟಿ ಹೆಂಗಸು, ಎಲ್ಲಾದರೂ ನಡೆಯುತ್ತದೆ ಅಂದಳಂತೆ. ಆ ಜಾಗವನ್ನು ಅಮೆರಿಗೊ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಕಟ್ಟಳೆಯ ಪ್ರಕಾರ ಪಕ್ಕದವಳಾದ ನನ್ನನ್ನು ಕೇಳಬೇಕೆಂದು ನನ್ನ ಫೋನಿಗೇ ಕಾಯುತ್ತಿದ್ದನಂತೆ.

ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದು ಕೇಳಬೇಡಿ. ಎರಡೂ ಜಾಗ ಯಾರಿಗಾದರೂ ಕೊಟ್ಟುಕೊಳ್ಳಿ ಎಂದು ಹೇಳಿ ಫೋನ್ ಇಟ್ಟೆ. ಪತ್ರಿಕೆಯ ಹಿಂದೆ ಕೂತಿದ್ದ ದುಯಿಲಿಯೊ ಎಲ್ಲ ಕೇಳಿಸಿಕೊಂಡಿದ್ದ. ಮೊದಲನೇ ಸಾಲಿನಲ್ಲಿ ಅಲೆ ಬಂದರೆ ಚಪ್ಪಲಿ ತೊಯ್ಯುತ್ತದೆ ಅಂದ, ಅಷ್ಟೇ. ಪತ್ರಿಕೆ ಮುಖದಿಂದ ಇಳಿಸಲಿಲ್ಲ.

ನಾನು ಅಡುಗೆಮನೆಯಲ್ಲಿ ಮೂರು ಸಲ ಅಲ್ಲಿಂದಿಲ್ಲಿಗೆ ತಿರುಗಿದೆ. ನಾಲ್ಕನೇ ಸಲಕ್ಕೆ ಫೆದೊರಾಳ ನಂಬರು ಒತ್ತಿದೆ. ಮೊದಲ ರಿಂಗಿಗೇ ಎತ್ತಿದಳು.

"ಯಾರು ಸತ್ತರು?" ಅಂದಳು.

"ಯಾರೂ ಸತ್ತಿಲ್ಲ. ಕೊಡೆ ಬಿಡು ಅಂತ ನಿನಗೆ ಯಾರೇ ಹೇಳಿದ್ದು?"

"ಆ ಅಮೆರಿಗೊನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ನೋಡು."

"ಅವನ ಹೊಟ್ಟೆ ಆಮೇಲೆ. ಆಗಸ್ಟಿಗೆ ಎಲ್ಲಿಗೆ ಹೋಗ್ತೀಯ?"

"ಎಲ್ಲಾದರೂ ಹೋಗ್ತೀನಿ."

"ಎಲ್ಲಾದರೂ ಅನ್ನೋದು ಯಾವೂರು ಫೆದೊರಾ?"

ಅಷ್ಟು ದೊಡ್ಡ ಬಾಯಿಯವಳು ದನಿ ತಗ್ಗಿಸಿದ್ದು ನನಗೆ ಹೊಸದು. "ಹೊಸ ಫ್ಯಾನು ತಗೊಂಡಿದ್ದೀನಿ ಕಣೆ" ಅಂದಳು. "ಮೂರು ಸ್ಪೀಡು ಇದೆ."

ಅಲೆಸ್ಸಾಂದ್ರಿಯಾದ ಆಗಸ್ಟ್ ನನಗೆ ಗೊತ್ತಿಲ್ಲವೇ. ಕಿಟಕಿ ಮುಚ್ಚಿದ ಬೀದಿಗಳು, ಗದ್ದೆಯಿಂದೇಳುವ ಸೊಳ್ಳೆ, ಬ್ರೆಡ್ಡಿನವನೂ ಊರು ಬಿಟ್ಟಿರುತ್ತಾನೆ. ಅದರ ನಡುವೆ ಒಂದು ಫ್ಯಾನಿನ ಮುಂದೆ ಇವಳು, ನನ್ನ ಮಗಳಿಗೆ ನೋವಾಗಬಾರದೆಂದು. ಮಲ್ಲಿಗೆ ಕರಾವಳಿಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಸಾಲಿಲ್ಲ, ಜಾಗ ಹಿಡಿಯುವುದಿಲ್ಲ, ಯಾರ ಪಕ್ಕ ಬೇಕಾದರೂ ಕೂರಬಹುದು, ಹಿತ್ತಲಲ್ಲಿ ಟೊಮೆಟೊ ಇದೆ, ನೀನೂ ಬಾ ಅಂದೆ.

"ನೊಯೆಮಿ?" ಎಂದು ಕೇಳಿದಳು.

ನಾನು ತಿರುಗಿದರೆ ನೊಯೆಮಿ ಬಾಗಿಲಲ್ಲಿ ನಿಂತಿದ್ದಳು. ಬೀದಿಬಾಗಿಲ ಸದ್ದೇ ನನಗೆ ಕೇಳಿಸಿರಲಿಲ್ಲ. ಕೈಯಲ್ಲಿ ತರಕಾರಿ ಚೀಲ, ಮುಖ ಗೋಡೆಯ ಹಾಗೆ ಬಿಳಿ.

"ಯಾರದು ಅಮ್ಮ?"

ಗಿರಾಕಿ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಫೆದೊರಾ" ಅಂದೆ. "ನಮ್ಮ ಜೊತೆ ಬಾ ಅಂತ ಕರೀತಿದ್ದೀನಿ."

"ನಾನು ಏನು ಹೇಳಿದ್ದೆ ನಿನಗೆ?"

"ನೀನು ಹೇಳಿದ್ದನ್ನ ಇಷ್ಟು ದಿನ ನಡೆಸಿದೆ. ಇನ್ನು ನನ್ನ ಕೈಲಿ ಆಗಲ್ಲ. ನಿನ್ನನ್ನ ಬಿಟ್ಟದ್ದು ಅವಳ ಮಗ, ಅವನನ್ನ ನೀನೂ ಬಿಟ್ಟೆ, ನ್ಯಾಯವೇ. ನಾನು ಇವಳನ್ನ ಯಾಕೆ ಬಿಡಲಿ? ಇವಳು ನನಗೇನು ಮಾಡಿದಾಳೆ?"

ಅವಳು ಚೀಲವನ್ನು ನೆಲಕ್ಕಿಟ್ಟಳು. ಈಗ ಕೋಣೆಗೆ ಹೋಗಿ ಸೂಟ್‌ಕೇಸ್ ತೆಗೆಯುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. ನಿಂತಲ್ಲೇ ನಿಂತು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಕೆಳತುಟಿ ಕಚ್ಚಿಕೊಂಡಳು.

"ಅವಳು ನನಗೊಂದು ಫೋನ್ ಮಾಡಲಿಲ್ಲ ಅಮ್ಮ. ಒಂದೇ ಒಂದು ಸಲ. ಅವನು ಹೋದ, ಹಾಳಾಗಿ ಹೋಗಲಿ. ಇವಳಿಗೆ ನಾನು ಬೇಡವಾದೆನಾ?"

ಆರು ತಿಂಗಳಿಂದ ಒಂದೇ ಮನೆಯಲ್ಲಿದ್ದೇವೆ, ಒಂದೇ ಪಾತ್ರೆಯ ಕಾಫಿ ಕುಡಿಯುತ್ತೇವೆ. ಇದು ನನಗೆ ಹೊಳೆದಿರಲಿಲ್ಲ. ಇವಳು ಆ ಮನೆಯ ಹೆಸರೆತ್ತಬೇಡ ಅಂದದ್ದು ದ್ವೇಷಕ್ಕೆ ಎಂದುಕೊಂಡಿದ್ದೆ. ಫೋನನ್ನೇ ಅವಳ ಕಡೆಗೆ ಚಾಚಿದೆ. ಅದರೊಳಗಿಂದ ಫೆದೊರಾಳ ದನಿ ಇಡೀ ಅಡುಗೆಮನೆಗೆ ಕೇಳುತ್ತಿತ್ತು. ಕೊಡೇ ಅವಳ ಕೈಗೆ, ಕೊಡೇ ಅವಳಿಗೆ ಎಂದು ಕೂಗಿಕೊಳ್ಳುತ್ತಿದ್ದಳು.

ನೊಯೆಮಿ ಫೋನ್ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲು ಬೈಗುಳ ಕೇಳಿಸಿತು, ನನ್ನ ಮಗಳಲ್ಲವೇ, ನನ್ನ ಬಾಯಿಯೇ. ಫೆದೊರಾ ಕೊಡೆಯ ಸುದ್ದಿ ಹೇಳಿರಬೇಕು, ಕೊಡೆ ಬಿಡು ಅಂತ ನಿನ್ನನ್ನ ಯಾರು ಕೇಳಿದ್ದರು, ತ್ಯಾಗ ಮಾಡು ಅಂತ ನಾನು ಬೇಡಿಕೊಂಡಿದ್ದೆನಾ ಎಂದು ಏರುದನಿಯಲ್ಲಿ ಕೇಳುತ್ತಿದ್ದಳು. ಆಮೇಲೆ ಸದ್ದಡಗಿತು. ನಾನು ತರಕಾರಿ ತೆಗೆದಿಟ್ಟೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ, ಬಾಗಿಲ ಹತ್ತಿರ ಹೋದೆ, ವಾಪಸ್ ಬಂದೆ. ದುಯಿಲಿಯೊ, ಒಂದು ಕಡೆ ಕೂರು ಮಾರಾಯ್ತಿ, ತಲೆ ತಿರುಗುತ್ತಿದೆ ಅಂದ.

ಹೊರಗೆ ಬಂದಾಗ ಅವಳ ಕಣ್ಣು ಊದಿಕೊಂಡಿತ್ತು.

"ಬರಲ್ಲವಂತೆ" ಅಂದಳು. "ಮಗನ ಮುಖ ತನ್ನ ಮುಖವೇ ಅಂತೆ, ಅದನ್ನ ನೋಡ್ಕೊಂಡು ನಾನು ಹೇಗೆ ರಜೆ ಕಳೀತೀನಿ ಅಂತ ಕೇಳ್ತಾಳೆ."

"ನೀನೇನಂದೆ?"

"ಫೆದೊರಮ್ಮ ಬಂದರೆ ಮಾತ್ರ ನಾನೂ ಬರ್ತೀನಿ, ಇಲ್ಲದಿದ್ರೆ ಇಲ್ಲ ಅಂದೆ. ಈಗ ಬರೀ ಅಳ್ತಾ ಕೂತಿದ್ದಾಳೆ. ನೀನೇ ಮಾತಾಡು."

ಫೋನ್ ಕಿವಿಗಿಟ್ಟುಕೊಂಡೆ. ಆ ಕಡೆ ಮೂಗು ಸೀಟುವ ಸದ್ದು. ಸಮಾಧಾನದ ಮಾತು ನನಗೆ ಎಂದೂ ಬಂದದ್ದಿಲ್ಲ, ಆಗಲೂ ಬರಲಿಲ್ಲ.

"ಅತ್ತಿದ್ದು ಸಾಕು" ಅಂದೆ. "ರೈಲಿಗೆ ನಾಲ್ಕು ಟಿಕೆಟ್ ತೆಗೀಬೇಕು. ನಿನಗೆ ಮೇಲಿನ ಬರ್ತೋ ಕೆಳಗಿನದೋ, ಅದನ್ನ ಹೇಳು."

ಮೂಗು ಸೀಟುವುದು ನಿಂತಿತು. ನೊಯೆಮಿ ನನ್ನ ಭುಜಕ್ಕೆ ಗದ್ದ ಒತ್ತಿ ಕಿವಿಗೊಟ್ಟು ನಿಂತಿದ್ದಳು.

"ಕೆಳಗಿನದು" ಅಂದಳು ಫೆದೊರಾ. "ಮಂಡಿ ನೋವು."